ಟೆಕ್ನೋದಲ್ಲಿ ಯಾರಿಗೆಲ್ಲ ಜಾಗ ಇದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಟೆಕ್ನೋ ಅಂದರೆ ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಮಾಡುವ ಕುಣಿತದ ಸಂಗೀತ. ಟೆಕ್ನೋ ರಾತ್ರಿಗಳನ್ನು ನಡೆಸುವವರು, ಹೊಸದಾಗಿ ಕೇಳಲು ಶುರು ಮಾಡಿದವರು, ‘ಇದೆಲ್ಲ ನಮ್ಮಂಥವರಿಗಲ್ಲ’ ಅಂತ ದೂರ ನಿಂತವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೆಲವು ಉತ್ತರಗಳು ಉದ್ದ ಇವೆ, ವಿಷಯವೇ ಅಷ್ಟಿದೆ. ನನ್ನ ಅಭಿಪ್ರಾಯ ಹೇಳಬೇಕಾದ ಕಡೆ ಹೇಳಿದ್ದೇನೆ.

ಟೆಕ್ನೋ ಅಂದ್ರೆ ಮಾತೇ ಇಲ್ಲದ ಸಂಗೀತ. ಅದರಲ್ಲಿ ಒಳಗಿನವರು, ಹೊರಗಿನವರು ಅಂತ ಎಲ್ಲಿಂದ ಬರುತ್ತಾರೆ?

ನಿಮಿಷಕ್ಕೆ 120ರಿಂದ 150 ಸಲ ಬಡಿಯುವ ಕಿಕ್ ಡ್ರಮ್‌ಗೆ ಭಾಷೆ ಬೇಕಿಲ್ಲ, ನಿಜ. ಯಾವ ದೇಶದವರಾದರೂ ಕುಣಿಯಬಹುದು. ಆದರೆ ಟ್ರ್ಯಾಕ್ ಮಾಡಿದವರ ಹೆಸರು ಯಾರಿಗೆ ಗೊತ್ತಾಗುತ್ತದೆ, ಅದರ ದುಡ್ಡು ಯಾರಿಗೆ ಹೋಗುತ್ತದೆ, ಯಾರನ್ನು ಕರೆಯಬೇಕು ಅಂತ ಯಾರು ತೀರ್ಮಾನಿಸುತ್ತಾರೆ ಎಂದು ನೋಡಿ. ಒಳಗೆ, ಹೊರಗೆ ಅನ್ನುವುದು ಅಲ್ಲಿಂದ ಶುರುವಾಗುತ್ತದೆ.

ಟೆಕ್ನೋ ಹುಟ್ಟಿದ್ದು ಜರ್ಮನಿಯಲ್ಲಿ ಅಲ್ವಾ?

ಅಲ್ಲ. ಅಮೆರಿಕದ ಡೆಟ್ರಾಯ್ಟ್‌ನಲ್ಲಿ, ಅಲ್ಲಿನ ಕಪ್ಪು ಸಮುದಾಯದ ಹುಡುಗರ ಕೈಯಲ್ಲಿ.

ಡೆಟ್ರಾಯ್ಟ್ ಕಾರು ಕಾರ್ಖಾನೆಗಳ ಊರು. 1970ರ ದಶಕ ಮುಗಿಯುವ ಹೊತ್ತಿಗೆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು, ಕೆಲಸ ಹೋಗುತ್ತಿತ್ತು, ಜನ ಊರು ಬಿಡುತ್ತಿದ್ದರು. ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಮೂವರೂ ಹತ್ತಿರದ ಬೆಲ್‌ವಿಲ್ ಎಂಬ ಸಣ್ಣ ಊರಲ್ಲಿ ಓದುವಾಗ ಗೆಳೆಯರಾದವರು. ರಾತ್ರಿ ರೇಡಿಯೋದಲ್ಲಿ ಎಲೆಕ್ಟ್ರಿಫೈಯಿಂಗ್ ಮೋಜೋ ಎಂಬ ಡಿಜೆ, ಅಮೆರಿಕದ ಗಾಯಕ ಪ್ರಿನ್ಸ್ ಹಾಡಿನ ಪಕ್ಕದಲ್ಲೇ ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತ ತಂಡ ಕ್ರಾಫ್ಟ್‌ವರ್ಕ್ ಹಾಕುತ್ತಿದ್ದರು. ಹುಡುಗರ ಕಿವಿ ಅಲ್ಲಿ ತಯಾರಾಯಿತು. 1981ರಲ್ಲಿ ಆಟ್ಕಿನ್ಸ್, ವಿಯೆಟ್ನಾಂ ಯುದ್ಧದಿಂದ ಮರಳಿದ್ದ ರಿಕ್ ಡೇವಿಸ್ ಜೊತೆ ಸೇರಿ ಸೈಬೊಟ್ರಾನ್ ಹೆಸರಲ್ಲಿ ಮೊದಲ ರೆಕಾರ್ಡ್ ತಂದರು. 1985ರಲ್ಲಿ ಆಟ್ಕಿನ್ಸ್ ಮೆಟ್ರೋಪ್ಲೆಕ್ಸ್ ಎಂಬ ಸ್ವಂತ ಲೇಬಲ್ (ರೆಕಾರ್ಡ್ ಕಂಪನಿ) ಮಾಡಿಕೊಂಡರು. ಆಮೇಲೆ ಮೇ, ಸಾಂಡರ್ಸನ್ ಕೂಡ ತಮ್ಮ ತಮ್ಮ ಲೇಬಲ್ ಶುರು ಮಾಡಿದರು. 1988ರಲ್ಲಿ ಡೆಟ್ರಾಯ್ಟ್ ಟ್ರ್ಯಾಕ್‌ಗಳ ಒಂದು ಸಂಕಲನ ಬ್ರಿಟನ್ನಿನಲ್ಲಿ ಬಿಡುಗಡೆಯಾಯಿತು. ಟೆಕ್ನೋ ಎಂಬ ಹೆಸರು ಯುರೋಪಿನ ಕಿವಿಗೆ ಬಿದ್ದದ್ದು ಆಗ.

ಅವರು ಬಳಸಿದ ಯಂತ್ರಗಳು ಜಪಾನಿನವು. ರೋಲ್ಯಾಂಡ್ ಕಂಪನಿಯ 808 ಡ್ರಮ್ ಮಷಿನ್ ಬಂದದ್ದು 1980ರಲ್ಲಿ, 909 ಬಂದದ್ದು 1983ರಲ್ಲಿ. ಎರಡೂ ಆ ಕಾಲಕ್ಕೆ ಅಷ್ಟೇನೂ ಗೆಲ್ಲಲಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗತೊಡಗಿದವು, ದೊಡ್ಡ ಸ್ಟುಡಿಯೋ ಕಟ್ಟಲು ದುಡ್ಡಿಲ್ಲದ ಹುಡುಗರ ಕೈಗೆ ಬಂದವು. ಜರ್ಮನಿಯ ಪ್ರಭಾವ, ಜಪಾನಿನ ಯಂತ್ರ, ಕಪ್ಪು ಅಮೆರಿಕದ ಫಂಕ್ ಸಂಗೀತ ಮೂರೂ ಇದರಲ್ಲಿವೆ. ಆದರೆ ಇವನ್ನು ಬೆರೆಸಿ ಟೆಕ್ನೋ ಮಾಡಿದವರು ಡೆಟ್ರಾಯ್ಟ್‌ನವರು. ಈ ಒಂದು ಮಾತಿನಲ್ಲಿ ನಾನು ರಾಜಿ ಆಗುವುದಿಲ್ಲ.

ಹಾಗಾದ್ರೆ ಬರ್ಲಿನ್‌ನವರು ಕದ್ದುಬಿಟ್ಟರು ಅಂತಾನಾ?

ಹಾಗೆ ಹೇಳಿದರೆ ಅನ್ಯಾಯ. ಬರ್ಲಿನ್ ಗೋಡೆ 1989ರಲ್ಲಿ ಬಿತ್ತು. ನಗರದ ಪೂರ್ವ ಭಾಗದಲ್ಲಿ ಯಾರೂ ಕೇಳದ ಖಾಲಿ ಕಟ್ಟಡಗಳು ಬೇಕಾದಷ್ಟಿದ್ದವು. 1991ರಲ್ಲಿ ಹಳೇ ಡಿಪಾರ್ಟ್‌ಮೆಂಟ್ ಸ್ಟೋರ್ ಒಂದರ ನೆಲಮಾಳಿಗೆಯಲ್ಲಿ, ತಿಜೋರಿ ಕೋಣೆಯೊಳಗೆ, ಟ್ರೆಸರ್ ಕ್ಲಬ್ ಶುರುವಾಯಿತು. ಅದರ ಲೇಬಲ್‌ನ ಮೊದಲ ರೆಕಾರ್ಡ್ ಡೆಟ್ರಾಯ್ಟ್‌ನ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ತಂಡದವರದ್ದೇ. ಸ್ವಂತ ಊರಲ್ಲಿ ಸಿಗದ ವೇದಿಕೆ, ಸಂಭಾವನೆ, ಮರ್ಯಾದೆ ಆ ಕಲಾವಿದರಿಗೆ ಬರ್ಲಿನ್‌ನಲ್ಲಿ ಸಿಕ್ಕಿತು. ಅದು ನಿಜವಾದ ಸ್ನೇಹ.

ತಕರಾರು ಇರುವುದು ಆಮೇಲೆ ಬೆಳೆದ ಉದ್ಯಮದ ಬಗ್ಗೆ. ದೊಡ್ಡ ಸಂಗೀತ ಹಬ್ಬಗಳು, ಬುಕಿಂಗ್ ಏಜೆನ್ಸಿಗಳು, ಪತ್ರಿಕೆಗಳು ಎಲ್ಲ ಯುರೋಪಿನಲ್ಲಿ ಬೇರೂರಿದವು. ಕತೆ ಹೇಳುವವರೂ ಅಲ್ಲಿನವರೇ ಆದರು, ಡೆಟ್ರಾಯ್ಟ್ ಮುನ್ನುಡಿಯ ಎರಡು ಸಾಲಿಗೆ ಇಳಿಯಿತು. 2024ರ ಮಾರ್ಚ್‌ನಲ್ಲಿ ಬರ್ಲಿನ್‌ನ ಟೆಕ್ನೋ ಸಂಸ್ಕೃತಿಯನ್ನು ಜರ್ಮನಿಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದರು. (ಅದು ಜರ್ಮನಿಯ ರಾಷ್ಟ್ರೀಯ ಪಟ್ಟಿ. ಯುನೆಸ್ಕೋದ ಜಾಗತಿಕ ಪಟ್ಟಿ ಅಂತ ಬಹಳ ಜನ ತಪ್ಪು ತಿಳಿದಿದ್ದಾರೆ.) ಬಾಡಿಗೆ ಏರಿ ಕ್ಲಬ್‌ಗಳು ಮುಚ್ಚುತ್ತಿರುವಾಗ ಅಂಥ ರಕ್ಷಣೆ ಒಳ್ಳೆಯದೇ. ಆದರೆ ಆ ಕತೆಯನ್ನು ಡೆಟ್ರಾಯ್ಟ್ ಇಲ್ಲದೆ ಹೇಳಿದರೆ ಅದು ಅರ್ಧ ಕತೆ. ಡೆಟ್ರಾಯ್ಟ್‌ನಲ್ಲಿ ಟೆಕ್ನೋಗೆ ಒಂದು ಮ್ಯೂಸಿಯಂ ಇದೆ. ಅದನ್ನು ಕಟ್ಟಿಕೊಂಡವರು ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಬಳಗದ ಕಲಾವಿದರೇ.

ಸಂಗೀತದಲ್ಲಿ ಬಣ್ಣ ಯಾಕೆ ತರ್ತೀರಿ? ಕತ್ತಲಲ್ಲಿ ಎಲ್ಲರೂ ಒಂದೇ ಅಲ್ವಾ?

ಈ ಮಾತನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್‌ನವರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ವೇದಿಕೆ ಹತ್ತುತ್ತಿದ್ದರು, ‘ಸಂಗೀತ ಕೇಳಿ ಸಾಕು’ ಅನ್ನುವುದು ಅವರ ನಿಲುವು. ಡ್ರೆಕ್ಸಿಯಾ ಎಂಬ ಜೋಡಿಯ ಹೆಸರು, ಮುಖ ಬಹಳ ಕಾಲ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗುಲಾಮರ ಹಡಗಿನಿಂದ ಸಮುದ್ರಕ್ಕೆ ಎಸೆದ ಗರ್ಭಿಣಿಯರ ಮಕ್ಕಳು ನೀರಿನೊಳಗೆ ಬದುಕಿ ಒಂದು ನಾಡು ಕಟ್ಟಿದರು ಎಂಬ ಕಲ್ಪನೆಯನ್ನು ಅವರು ತಮ್ಮ ಸಂಗೀತದ ಸುತ್ತ ಹೆಣೆದಿದ್ದರು. ಮಾತಿಲ್ಲದ ಆ ಟ್ರ್ಯಾಕ್‌ಗಳ ಹಿಂದೆ ಇಷ್ಟು ದೊಡ್ಡ ನೋವು ಇದೆ. ಬಣ್ಣದ ಮಾತೇ ಬೇಡ ಅಂದರೆ ಇದನ್ನೂ ಬಿಟ್ಟು ಕೇಳಬೇಕಾಗುತ್ತದೆ.

ಇನ್ನೊಂದು ಘಟನೆ. 1999ರಲ್ಲಿ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಬಳಗದ ಡಿಜೆ ರೊಲಾಂಡೊ ಅವರ ಟ್ರ್ಯಾಕ್ ಒಂದು ಎಲ್ಲೆಡೆ ಗೆದ್ದಿತು. ಸೋನಿಯ ಜರ್ಮನ್ ಶಾಖೆ ಅನುಮತಿ ಪಡೆಯದೆ ಅದರ ನಕಲು ಆವೃತ್ತಿ ಮಾಡಿಸಿತು. ಜಗತ್ತಿನ ಬೇರೆ ಬೇರೆ ಕಡೆಯಿಂದ ಅಭಿಮಾನಿಗಳು ಇಮೇಲ್ ಮೇಲೆ ಇಮೇಲ್ ಕಳಿಸಿದರು, ಸೋನಿ ಹಿಂದೆ ಸರಿಯಿತು. ಲೇಬಲ್ ಅವರದ್ದೇ ಆಗಿತ್ತು, ಹಕ್ಕು ಅವರ ಕೈಯಲ್ಲೇ ಇತ್ತು, ಹಾಗಾಗಿ ಪಟ್ಟು ಹಿಡಿದು ನಿಲ್ಲಲು ಆಯಿತು.

ಲೈಂಗಿಕ ಅಲ್ಪಸಂಖ್ಯಾತರಿಗೂ ಟೆಕ್ನೋಗೂ ಏನು ಸಂಬಂಧ?

ಬೇರಿನ ಸಂಬಂಧ. 1977ರಲ್ಲಿ ಷಿಕಾಗೋದ ವೇರ್‌ಹೌಸ್ ಕ್ಲಬ್‌ನಲ್ಲಿ ಫ್ರಾಂಕಿ ನಕಲ್ಸ್ ಡಿಜೆ ಆಗಿ ಶುರು ಮಾಡಿದರು. ಅಲ್ಲಿ ಕುಣಿಯಲು ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನ್ ಸಮುದಾಯದ ಗೇ ಜನ. ಹೌಸ್ ಸಂಗೀತ ಅಲ್ಲಿಂದ ಬಂತು, ಟೆಕ್ನೋಗೆ ಅದು ಅಕ್ಕನ ಹಾಗೆ. 1979ರ ಜುಲೈ 12ರಂದು ಅದೇ ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ, ಹೌಸ್‌ಗೆ ಮೂಲವಾದ ಡಿಸ್ಕೋ ರೆಕಾರ್ಡ್‌ಗಳನ್ನು ಗುಡ್ಡೆ ಹಾಕಿ ಸ್ಫೋಟಿಸಿದರು. ಆ ಸಿಟ್ಟು ಬರೀ ಸಂಗೀತದ ಮೇಲೆ ಇರಲಿಲ್ಲ, ಅದನ್ನು ಕುಣಿಯುತ್ತಿದ್ದವರ ಮೇಲೂ ಇತ್ತು ಅಂತ ಆಗ ಅಲ್ಲಿದ್ದ ಹಲವರು ಹೇಳಿದ್ದಾರೆ. ಡೆಟ್ರಾಯ್ಟ್‌ನಲ್ಲಿ ಕೆನ್ ಕಾಲಿಯರ್ ಎಂಬ ಗೇ ಡಿಜೆಯ ಕೈ ನೋಡಿ ಕಲಿತ ಹುಡುಗರು ಬಹಳ. 1996ರಲ್ಲಿ ತೀರಿಕೊಂಡ ಅವರ ಹೆಸರು ಇತಿಹಾಸದಲ್ಲಿ ಸಿಗುವುದು ಕಡಿಮೆ. ಬರ್ಲಿನ್‌ನ ಬರ್ಗೈನ್ ಕ್ಲಬ್ ಕೂಡ ಬೆಳೆದದ್ದು ಗೇ ಪಾರ್ಟಿಗಳಿಂದ.

ಹಾಗಾಗಿ ‘ಈಗೀಗ ಅವರನ್ನೂ ಒಳಗೆ ಬಿಟ್ಟುಕೊಳ್ಳುತ್ತಿದ್ದಾರೆ’ ಅನ್ನುವ ಮಾತು ತಲೆಕೆಳಗು. ಮನೆ ಕಟ್ಟಿದವರೇ ಅವರು.

ಹೆಣ್ಣುಮಕ್ಕಳ ಪರಿಸ್ಥಿತಿ ಸುಧಾರಿಸಿದೆಯಾ?

ಸುಧಾರಿಸಿದೆ, ಸಾಲದು. ವಿಯೆನ್ನಾದ ಎಲೆಕ್ಟ್ರಿಕ್ ಇಂಡಿಗೊ ಎಂಬ ಡಿಜೆ 1998ರಲ್ಲಿ ಫೀಮೇಲ್ ಪ್ರೆಷರ್ ಎಂಬ ಜಾಲ ಶುರು ಮಾಡಿದರು. ಎಲೆಕ್ಟ್ರಾನಿಕ್ ಸಂಗೀತದ ಹಬ್ಬಗಳ ಪೋಸ್ಟರ್‌ನಲ್ಲಿ ಎಷ್ಟು ಹೆಣ್ಣು ಹೆಸರುಗಳಿವೆ ಅಂತ ಆ ಜಾಲದವರು ಕೂತು ಎಣಿಸುತ್ತಾರೆ. 2012ರಲ್ಲಿ ನೂರಕ್ಕೆ ಒಂಬತ್ತರಷ್ಟಿದ್ದದ್ದು ಮುಂದಿನ ಹತ್ತು ವರ್ಷದೊಳಗೆ ಕಾಲು ಭಾಗ ದಾಟಿತು. ಸುಮ್ನೆ ಎಣಿಸಿ ತೋರಿಸಿದ್ದಕ್ಕೇ ಎಷ್ಟೋ ಆಯೋಜಕರು ನಾಚಿ ಬದಲಾದರು.

ಎಣಿಕೆಗೆ ಸಿಗದ್ದು ಇನ್ನೂ ಇದೆ. ಸೌಂಡ್‌ಚೆಕ್ ಹೊತ್ತಿಗೆ ಬಂದು ನೋಡಿ. ಡಿಜೆ ಹೆಣ್ಣು, ಜೊತೆಗೆ ಬಂದ ಗೆಳೆಯ ಬ್ಯಾಗ್ ಹಿಡಿದುಕೊಂಡು ನಿಂತಿದ್ದಾನೆ. ಸೌಂಡ್ ಎಂಜಿನಿಯರ್ ಸೀದಾ ಅವನ ಹತ್ತಿರ ಹೋಗಿ ‘ಮಾನಿಟರ್ ಸ್ಪೀಕರ್ ಎಷ್ಟು ಬೇಕು ಸಾರ್’ ಅಂತ ಕೇಳುತ್ತಾನೆ. ಅವಳು ಉತ್ತರ ಕೊಟ್ಟರೂ ತಲೆ ಅವನ ಕಡೆಗೇ ಅಲ್ಲಾಡುತ್ತದೆ. ಸೆಟ್ (ಒಬ್ಬ ಡಿಜೆ ನುಡಿಸುವ ಸರದಿ) ನಡೆಯುವಾಗ ಕೇಳದೆಯೇ ಒಬ್ಬ ಬಂದು ಮಿಕ್ಸರ್‌ನ ಗೇನ್ ಎಂಬ ಸದ್ದಿನ ಮಟ್ಟದ ಗುಂಡಿ ತಿರುಗಿಸುತ್ತಾನೆ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ. ಪೋಸ್ಟರ್‌ನಲ್ಲಿ ಹೆಸರು ಹಾಕಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ಸೌಂಡ್ ಡೆಸ್ಕ್, ಲೈಟಿಂಗ್, ಬುಕಿಂಗ್ ಈ ಮೂರು ಕಡೆ ಹೆಂಗಸರು ಬಂದ ಜಾಗಗಳಲ್ಲಿ ಇದು ನಿಂತದ್ದನ್ನು ನೋಡಿದ್ದೇನೆ.

ಡೆಟ್ರಾಯ್ಟ್‌ನ ಕೆಲ್ಲಿ ಹ್ಯಾಂಡ್ 1990ರಿಂದಲೇ ಸ್ವಂತ ಲೇಬಲ್ ನಡೆಸಿಕೊಂಡು ಬಂದರು. ಅವರ ನಗರಸಭೆ ಅವರನ್ನು ಗೌರವಿಸಿದ್ದು 2017ರಲ್ಲಿ. ಅವರು 2021ರಲ್ಲಿ ತೀರಿಕೊಂಡರು.

ಪ್ರತಿಭೆ ನೋಡಿ ಕರೆಯಬೇಕು, ಮೀಸಲಾತಿ ಥರ ಲೆಕ್ಕ ಹಾಕಿದ್ರೆ ಸಂಗೀತ ಹಾಳಾಗಲ್ವಾ?

ಈಗ ಬರೀ ಪ್ರತಿಭೆ ನೋಡಿಯೇ ಕರೆಯುತ್ತಿದ್ದಾರಾ? ಒಂದು ಲೈನ್‌ಅಪ್ (ನುಡಿಸುವವರ ಪಟ್ಟಿ) ಹೇಗೆ ತಯಾರಾಗುತ್ತದೆ ಅಂತ ಹತ್ತಿರದಿಂದ ನೋಡಿದವರಿಗೆ ಗೊತ್ತು. ಏಜೆಂಟ್‌ಗೆ ಯಾರ ಪರಿಚಯ, ಹೋದ ವರ್ಷ ಯಾರು ಬಂದಿದ್ದರು, ಸೋಷಿಯಲ್ ಮೀಡಿಯಾದಲ್ಲಿ ಯಾರಿಗೆ ಜನ ಜಾಸ್ತಿ, ಯಾರ ವಿಮಾನ ಟಿಕೆಟ್ ಅಗ್ಗ ಎಂಬುದರ ಮೇಲೆಯೇ ಅರ್ಧ ಪೋಸ್ಟರ್ ತುಂಬಿಹೋಗುತ್ತದೆ. ಲೆಕ್ಕ ಮೊದಲಿಂದಲೂ ಇದೆ. ಅದನ್ನು ಯಾರೂ ಲೆಕ್ಕ ಅಂತ ಕರೆಯುವುದಿಲ್ಲ, ಅಷ್ಟೇ.

ಒಂದು ಎಚ್ಚರಿಕೆ ಮಾತ್ರ ಇರಲಿ. ಹೆಸರಿಗೆ ಒಬ್ಬರನ್ನು ಕರೆದು, ಜನ ಬರುವ ಮುಂಚಿನ ಖಾಲಿ ಗಂಟೆಯಲ್ಲಿ ನುಡಿಸಲು ಬಿಟ್ಟು, ಫೋಟೋದಲ್ಲಿ ಮುಂದೆ ನಿಲ್ಲಿಸುವವರಿದ್ದಾರೆ. ಅದು ಅವಮಾನ. ಯಾವ ಹೊತ್ತಿನ ಸೆಟ್, ಎಷ್ಟು ಸಂಭಾವನೆ ಅಂತ ಕೇಳಿ. ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ.

ಅಮೆರಿಕ, ಯುರೋಪ್ ಬಿಟ್ಟರೆ ಬೇರೆ ಕಡೆ ಟೆಕ್ನೋ ನಿಜವಾಗಿಯೂ ಇದೆಯಾ?

ಇದೆ, ಅದೂ ಬಹಳ ಬಿಸಿಯಾಗಿ ಇದೆ.

ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಫುಟ್‌ಬಾಲ್ ಕ್ರೀಡಾಂಗಣದ ಕೆಳಗೆ ಬಸ್ಸಿಯಾನಿ ಎಂಬ ಕ್ಲಬ್ ಇದೆ. 2018ರ ಮೇ ತಿಂಗಳಲ್ಲಿ ಶಸ್ತ್ರಸಜ್ಜಿತ ಪೊಲೀಸರು ಅದರ ಮೇಲೆ ದಾಳಿ ಮಾಡಿದರು. ಮರುದಿನ ಸಾವಿರಾರು ಜನ ಸಂಸತ್ತಿನ ಮುಂದೆ ಸೇರಿ ಸ್ಪೀಕರ್ ಹಚ್ಚಿ ಕುಣಿಯುತ್ತ ಪ್ರತಿಭಟಿಸಿದರು. ಕೊನೆಗೆ ಗೃಹ ಸಚಿವರೇ ಬಂದು ಕ್ಷಮೆ ಕೇಳಿದರು.

ಪ್ಯಾಲೆಸ್ತೀನಿನ ಡಿಜೆ ಸಮಾ ಅಬ್ದುಲ್‌ಹಾದಿ 2018ರಲ್ಲಿ ರಮಲ್ಲಾದಲ್ಲಿ ನುಡಿಸಿದ ಸೆಟ್ ಜಗತ್ತಿನ ಮೂಲೆಮೂಲೆಯಲ್ಲಿ ಜನ ನೋಡಿದರು. 2020ರ ಡಿಸೆಂಬರ್‌ನಲ್ಲಿ ನಬಿ ಮೂಸಾ ಎಂಬ ಧಾರ್ಮಿಕ ಸ್ಥಳದಲ್ಲಿ ಅನುಮತಿ ಪಡೆದೇ ನುಡಿಸಿದ್ದರೂ ಅವರನ್ನು ಪ್ಯಾಲೆಸ್ತೀನ್ ಪೊಲೀಸರು ಬಂಧಿಸಿ ಎಂಟು ದಿನ ಇಟ್ಟರು. ಬಿಡುಗಡೆ ಮಾಡಿ ಅಂತ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು.

ಉಗಾಂಡಾದಲ್ಲಿ 2015ರಿಂದ ನ್ಯೆಗೆ ನ್ಯೆಗೆ ಎಂಬ ಹಬ್ಬ ನಡೆಯುತ್ತಿದೆ. ಅದರ ಜೊತೆಗಿರುವ ಲೇಬಲ್ ಮೂಲಕ ಟಾಂಜಾನಿಯಾದ ಸಿಂಗೆಲಿ ಹೊರಗಿನ ಕಿವಿಗೆ ಬಂತು. ದಾರ್ ಎಸ್ ಸಲಾಮ್‌ನ ಬಡಾವಣೆಗಳ ಸಣ್ಣ ಸ್ಟುಡಿಯೋಗಳಲ್ಲಿ ಹುಟ್ಟಿದ ಈ ಸಂಗೀತದ ವೇಗ ನಿಮಿಷಕ್ಕೆ 200 ಬಡಿತ ದಾಟುತ್ತದೆ. ಅದನ್ನು ಟೆಕ್ನೋ ಅನ್ನಬೇಕಾ ಬೇಡವಾ ಅಂತ ವಾದ ಮಾಡುವ ಬದಲು, ಅವರು ಇಟ್ಟ ಹೆಸರಲ್ಲೇ ಕರೆದರೆ ಆಯಿತಲ್ಲ. ದಕ್ಷಿಣ ಆಫ್ರಿಕಾದ ಡರ್ಬನ್‌ನ ಗೋಮ್ ಸಂಗೀತದ ವಿಷಯವೂ ಅಷ್ಟೇ.

ಮುಂಬೈನ ಚರಣ್‌ಜಿತ್ ಸಿಂಗ್ ಅವರನ್ನು ಬಿಡುವ ಹಾಗಿಲ್ಲ. ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಅವರು 1982ರಲ್ಲಿ ರೋಲ್ಯಾಂಡ್‌ನ 808 ಮತ್ತು 303 ಎಂಬ ಬೇಸ್ ಸದ್ದಿನ ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಷಿಕಾಗೋದ ಆ್ಯಸಿಡ್ ಹೌಸ್ ಎಂಬ ಹೌಸ್ ಶೈಲಿಯ ಮೊದಲ ರೆಕಾರ್ಡ್ 1987ರದ್ದು, ಎರಡರ ಸದ್ದಿನಲ್ಲಿ ಬೆರಗಾಗುವಷ್ಟು ಹೋಲಿಕೆ ಇದೆ. 2010ರಲ್ಲಿ ಅದು ಮರುಬಿಡುಗಡೆಯಾದಾಗ ‘ಆ್ಯಸಿಡ್ ಹೌಸ್ ಕಂಡುಹಿಡಿದವರು ಇವರೇ’ ಅಂತ ಗುಲ್ಲೆದ್ದಿತು. ಷಿಕಾಗೋದವರು ಅವರನ್ನು ಕೇಳಿ ಕಲಿತದ್ದಲ್ಲ. ಅವರು ಷಿಕಾಗೋ ದಾರಿಯಲ್ಲಿ ಹೊರಟವರೂ ಅಲ್ಲ. ಅವರದ್ದು ರಾಗದ ದಾರಿ. ಅದನ್ನು ಅವರದ್ದಾಗಿಯೇ ನೋಡಿದರೆ ಗೌರವ ಜಾಸ್ತಿ.

ಬೇರೆ ದೇಶದ ವಾದ್ಯದ ತುಣುಕು, ಹಾಡಿನ ತುಣುಕು ಸೇರಿಸಿದರೆ ಸಾಕಾ?

ಸಾಲದು. ಯಾರೋ ಹಾಡಿದ್ದನ್ನು ಹೆಸರಿಲ್ಲದ, ಸದ್ದಿನ ತುಣುಕುಗಳ ಸ್ಯಾಂಪಲ್ ಪ್ಯಾಕ್‌ನಿಂದ ಎತ್ತಿ ಕಿಕ್ ಮೇಲೆ ಹಾಕಿ ‘ಟ್ರೈಬಲ್’ ಅಂತ ಹೆಸರಿಟ್ಟರೆ ಹಾಡಿದವರಿಗೆ ಏನೂ ಸಿಗುವುದಿಲ್ಲ. ಹಾಡಿದವರು ಯಾರು ಅಂತ ಹುಡುಕಿ, ಕೇಳಿ, ಹೆಸರು ಹಾಕಿ, ಪಾಲು ಕೊಡಿ.

ಯಾರೂ ಗಮನಿಸದ ಇನ್ನೊಂದು ತೊಡಕು ಸಾಫ್ಟ್‌ವೇರ್‌ನಲ್ಲೇ ಇದೆ. ಬಹುತೇಕ ಮ್ಯೂಸಿಕ್ ಸಾಫ್ಟ್‌ವೇರ್ ತೆರೆದ ಕೂಡಲೇ ಪಿಯಾನೋದ ಹನ್ನೆರಡು ಸಮಾನ ಸ್ವರಗಳು, ನಾಲ್ಕರ ತಾಳ, 120ರ ವೇಗ ಸಿದ್ಧವಾಗಿ ಕೂತಿರುತ್ತವೆ. ಅರಬ್ ಮಕಾಮ್ (ಅಲ್ಲಿನ ರಾಗ ಪದ್ಧತಿ) ಅಥವಾ ಇಂಡೋನೇಷ್ಯಾದ ಗಾಮೆಲಾನ್ ವಾದ್ಯವೃಂದದ ಶ್ರುತಿಗೆ ಹೋಗಬೇಕಾದವರು ಮೊದಲ ಹೆಜ್ಜೆಯಿಂದಲೇ ಯಂತ್ರದ ಜೊತೆ ಗುದ್ದಾಡಬೇಕು. ಸಂಗೀತಗಾರ ಖಯಾಮ್ ಅಲ್ಲಾಮಿ 2021ರಲ್ಲಿ ಕೌಂಟರ್‌ಪಾಯಿಂಟ್ ತಂಡದ ಜೊತೆ ಲೈಮ್ಮಾ, ಅಪೊಟೋಮ್ ಎಂಬ ಎರಡು ಉಚಿತ ಸಾಧನಗಳನ್ನು ತಂದರು. ಬ್ರೌಸರ್‌ನಲ್ಲೇ ಬೇಕಾದ ಶ್ರುತಿ ಕಟ್ಟಿಕೊಳ್ಳಬಹುದು. 2024ರಲ್ಲಿ ಬಂದ ಏಬಲ್‌ಟನ್ ಲೈವ್ 12 ಎಂಬ ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲೂ ಬೇರೆ ಬೇರೆ ಶ್ರುತಿ ವ್ಯವಸ್ಥೆಗಳು ಸೇರಿವೆ. ಪೋಸ್ಟರ್‌ಗಿಂತ ಆಳದ ಬದಲಾವಣೆ ಅಂದರೆ ಇದು ಅಂತ ನನಗನಿಸುತ್ತದೆ.

ಈಗ ಇಂಟರ್ನೆಟ್ ಇದೆ. ಎಲ್ಲಿಂದ ಬೇಕಾದರೂ ಟ್ರ್ಯಾಕ್ ಹಾಕಬಹುದಲ್ಲ, ಇನ್ನೇನು ಅಡ್ಡಿ?

ವೀಸಾ ಮತ್ತು ದುಡ್ಡು.

ಟ್ರ್ಯಾಕ್ ಹಾರುತ್ತದೆ, ಕಲಾವಿದರು ಹಾರಬೇಕಲ್ಲ. ಟೆಕ್ನೋ ಡಿಜೆಯ ಸಂಪಾದನೆ ಬಹುಪಾಲು ಬರುವುದು ನುಡಿಸುವುದರಿಂದ. ಬಲವಾದ ಪಾಸ್‌ಪೋರ್ಟ್ ಇರುವವರು ಶುಕ್ರವಾರ ಒಂದು ದೇಶ, ಶನಿವಾರ ಇನ್ನೊಂದು ದೇಶ ಮುಗಿಸಿ ಮನೆಗೆ ಬರುತ್ತಾರೆ. ಆಫ್ರಿಕಾ ಅಥವಾ ಏಷ್ಯಾದ ಕಲಾವಿದರು ಬ್ಯಾಂಕ್ ಪತ್ರ, ಆಹ್ವಾನ ಪತ್ರ, ವಾಪಸ್ ಟಿಕೆಟ್ ಎಲ್ಲ ಹಿಡಿದು ಸಾಲಲ್ಲಿ ನಿಲ್ಲಬೇಕು. ಅರ್ಜಿ ತಿರಸ್ಕಾರವಾದರೆ ಶುಲ್ಕವೂ ಹೋಯಿತು, ಪ್ರವಾಸವೂ ಹೋಯಿತು.

ದುಡ್ಡಿನ ದಾರಿಯೂ ಎಲ್ಲರಿಗೂ ಒಂದೇ ಅಲ್ಲ. ಬ್ಯಾಂಡ್‌ಕ್ಯಾಂಪ್‌ನಲ್ಲಿ (ಕಲಾವಿದರು ನೇರವಾಗಿ ಸಂಗೀತ ಮಾರುವ ತಾಣ) ಮಾರಿದರೆ ಹಣ ಪೇಪಾಲ್ ಎಂಬ ಪಾವತಿ ಸೇವೆಯ ಮೂಲಕ ಬರುತ್ತದೆ. ಪಾಕಿಸ್ತಾನದಂಥ ದೇಶದಲ್ಲಿ ಪೇಪಾಲ್ ಸೇವೆಯೇ ಇಲ್ಲ. ಹಾಗಾಗಿ ಅಲ್ಲಿನವರು ಹೊರದೇಶದ ಗೆಳೆಯರ ಖಾತೆಯನ್ನೋ ಲೇಬಲ್ ಅನ್ನೋ ನಂಬಿಕೊಳ್ಳಬೇಕಾಗುತ್ತದೆ.

ಅವೇರ್‌ನೆಸ್ ಟೀಮ್ ಅಂತ ಈಗ ಕೆಲವು ಕಡೆ ಇರುತ್ತಾರೆ. ಅವರು ಬೌನ್ಸರ್‌ಗಳಾ?

ಅಲ್ಲ. ಗುರುತಿನ ಪಟ್ಟಿ ಅಥವಾ ಬಣ್ಣದ ಜಾಕೆಟ್ ಹಾಕಿಕೊಂಡು ಇಬ್ಬಿಬ್ಬರಾಗಿ ಓಡಾಡುತ್ತಾರೆ, ಕುಡಿದಿರುವುದಿಲ್ಲ. ಗೋಡೆ ಹಿಡಿದು ಕೂತವರ ಎದುರು ಕುಕ್ಕರಗಾಲಲ್ಲಿ ಕೂತು ‘ನೀರು ಬೇಕಾ?’ ಅಂತ ಕೇಳುತ್ತಾರೆ. ಯಾರೋ ಬೇಡ ಅಂದರೂ ಮೈಗೆ ಅಂಟಿಕೊಂಡು ಕುಣಿಯುತ್ತಿದ್ದಾನೆ ಅಂತ ದೂರು ಬಂದರೆ ಮೊದಲು ದೂರು ಕೊಟ್ಟವರನ್ನು ಸದ್ದು ಕಡಿಮೆ ಇರುವ ಕಡೆ ಕರೆದೊಯ್ದು, ‘ಈಗ ನಿಮಗೆ ಏನಾಗಬೇಕು’ ಅಂತ ಕೇಳುತ್ತಾರೆ. ಅವನನ್ನು ಹೊರಗೆ ಕಳಿಸಬೇಕಾ, ಮನೆಗೆ ಹೋಗಲು ಜೊತೆ ಬೇಕಾ, ಸುಮ್ನೆ ಸ್ವಲ್ಪ ಹೊತ್ತು ಕೂರಬೇಕಾ ಎಂಬುದನ್ನು ತೊಂದರೆ ಆದವರೇ ಹೇಳುತ್ತಾರೆ. ಬೌನ್ಸರ್‌ನ ಕೆಲಸ ಆಮೇಲಿನದು.

ಬಾಗಿಲಲ್ಲೇ ಜನರನ್ನು ವಾಪಸ್ ಕಳಿಸೋದು ಯಾವ ಸೀಮೆ ಸಮಾನತೆ?

ಎರಡು ಮುಖ ಇದೆ. ಒಳಗೆ ಇರುವ ಟ್ರಾನ್ಸ್ ಹುಡುಗಿಯನ್ನು ಗೇಲಿ ಮಾಡಲು ಬಂದ ಗುಂಪನ್ನು ತಡೆದರೆ ಆ ಬಾಗಿಲು ಅವಳನ್ನು ಕಾಯುತ್ತದೆ. ಚರ್ಮದ ಬಣ್ಣ ನೋಡಿ, ಉಚ್ಚಾರಣೆ ಕೇಳಿ, ಬಟ್ಟೆಯ ಬೆಲೆ ಅಳೆದು ತಡೆದರೆ ಅದು ತಾರತಮ್ಯ. ನಿಯಮ ಏನು ಅಂತ ಮೊದಲೇ ಬರೆದು ಹಾಕದ ಜಾಗಗಳ ಬಗ್ಗೆ ನನಗೆ ಅನುಮಾನವೇ.

ಕಿವಿ ಕೇಳಿಸದವರು, ಗಾಲಿಕುರ್ಚಿಯವರು ಬರುತ್ತಾರಾ?

ಬರುತ್ತಾರೆ, ದಾರಿ ಇದ್ದರೆ. ಲಂಡನ್‌ನಲ್ಲಿ ಟ್ರಾಯ್ ಲೀ ಎಂಬ ಕಿವಿ ಕೇಳಿಸದ ಡಿಜೆ 2003ರಲ್ಲಿ ಡೆಫ್ ರೇವ್ ಶುರು ಮಾಡಿದರು. ಬೇಸ್ ಸದ್ದು ಕಿವಿಗೆ ಮಾತ್ರ ಸೇರಿದ್ದಲ್ಲ. ಸಬ್‌ವೂಫರ್ ಹತ್ತಿರ ಅಂಗೈ ಇಟ್ಟರೆ, ಬಲೂನ್ ಒಂದನ್ನು ಎದೆಗೆ ಹಿಡಿದರೆ ಬಡಿತ ಮೈಗೆ ಬರುತ್ತದೆ. ಮರದ ನೆಲ ಕಾಂಕ್ರೀಟಿಗಿಂತ ಚೆನ್ನಾಗಿ ನಡುಗುತ್ತದೆ.

ಗಾಲಿಕುರ್ಚಿಯವರಿಗೆ ಇಳಿಜಾರು ದಾರಿ ಬೇಕು, ಬಳಸಲು ಆಗುವ ಶೌಚಾಲಯ ಬೇಕು. ಡಿಜೆ ಬೂತ್‌ಗೂ ಇಳಿಜಾರು ಬೇಕು ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ. ಷಿಕಾಗೋದ ಡಿಜೆ ಪಾಲ್ ಜಾನ್ಸನ್ ಗಾಲಿಕುರ್ಚಿಯಲ್ಲೇ ಕೂತು ಜಗತ್ತನ್ನು ಕುಣಿಸಿದವರು. ಕಣ್ಣು ಕಾಣದ ಸಂಗೀತಗಾರರಿಗೆ ಏಬಲ್‌ಟನ್ ಲೈವ್ 12 ಸ್ಕ್ರೀನ್ ರೀಡರ್ ಬೆಂಬಲ ತಂದಿದೆ. ಬರಬೇಕಾಗಿದ್ದು ಬಹಳ ಮೊದಲೇ.

ನಾನು ಸಣ್ಣದಾಗಿ ಟೆಕ್ನೋ ರಾತ್ರಿ ಮಾಡ್ತೀನಿ. ದುಡ್ಡಿಲ್ಲ. ಎಲ್ಲಿಂದ ಶುರು ಮಾಡಲಿ?

ದುಡ್ಡು ಬೇಡದ ಕೆಲಸಗಳಿಂದ. ಮೆಟ್ಟಿಲು ಎಷ್ಟಿವೆ, ಶೌಚಾಲಯ ಹೇಗಿದೆ, ಬೇಗ ಬೇಗ ಮಿಂಚುವ ಸ್ಟ್ರೋಬ್ ಲೈಟ್ ಇದೆಯಾ ಅಂತ ಪೋಸ್ಟರ್ ಜೊತೆಗೇ ಬರೆಯಿರಿ. ದುಡ್ಡಿಲ್ಲದವರಿಗೆ ಗೆಸ್ಟ್ ಲಿಸ್ಟ್‌ನಲ್ಲಿ ಕೆಲವು ಜಾಗ ಇಡಿ, ಕಾರಣ ಕೇಳಬೇಡಿ. ಸಂಭಾವನೆ ಎಷ್ಟು ಅಂತ ಎಲ್ಲ ಡಿಜೆಗಳಿಗೂ ಗೊತ್ತಿರಲಿ. ಮುಖ್ಯವಾಗಿ, ಬುಕಿಂಗ್ ತೀರ್ಮಾನ ಮಾಡುವ ಮೇಜಿನಲ್ಲಿ ನಿಮ್ಮಂಥವರೇ ಕೂತಿದ್ದರೆ ಇನ್ನೊಬ್ಬರನ್ನು ಸೇರಿಸಿಕೊಳ್ಳಿ. ಅತಿಥಿಯಾಗಿ ಕರೆಯುವುದಲ್ಲ, ‘ಬೇಡ’ ಅನ್ನುವ ಅಧಿಕಾರ ಕೊಟ್ಟು ಕೂರಿಸುವುದು.

ನಾನು ಬರೀ ಕೇಳುಗ. ನನ್ನಿಂದ ಏನಾಗುತ್ತದೆ?

ಬಹಳ ಆಗುತ್ತದೆ. ಸ್ಟ್ರೀಮಿಂಗ್‌ನಲ್ಲಿ ಕೇಳಿದರೆ ಸಣ್ಣ ಕಲಾವಿದರಿಗೆ ಸಿಗುವುದು ಚಿಲ್ಲರೆ. ಇಷ್ಟವಾದ ಟ್ರ್ಯಾಕ್ ಒಂದನ್ನು ನೇರವಾಗಿ ಅವರಿಂದಲೇ ಕೊಂಡುಕೊಳ್ಳಿ. ಡಿಜೆ ಸೆಟ್ ಕೇಳಿದಾಗ ‘ಸೂಪರ್’ ಅಂತ ಬರೆಯುವ ಜೊತೆಗೆ ಟ್ರ್ಯಾಕ್‌ಲಿಸ್ಟ್ ಕೇಳಿ, ಟ್ರ್ಯಾಕ್ ಮಾಡಿದವರ ಹೆಸರು ಹೊರಗೆ ಬರಲಿ. ರಾತ್ರಿಯ ಮೊದಲ ಸೆಟ್‌ಗೇ ಹೋಗಿ ನಿಲ್ಲಿ, ಹೊಸಬರು ನುಡಿಸುವುದು ಆ ಹೊತ್ತಲ್ಲೇ. ಕುಣಿಯುವಾಗ ಪಕ್ಕದವರಿಗೆ ಒಂದು ಮೊಳ ಜಾಗ ಬಿಡಿ. ಯಾರಿಗಾದರೂ ಕಿರಿಕಿರಿ ಆಗುತ್ತಿರುವುದು ಕಂಡರೆ ಹತ್ತಿರ ಹೋಗಿ ‘ಎಲ್ಲ ಸರಿ ಇದೆಯಾ?’ ಅಂತ ಕೇಳಿ.